ಜ್ವಾಳ ಎಲ್ಲಿ ಬೀಸಸ್ತೀರಿ, ಅಕ್ಕಾ?

ಗೋಧಿ ಕರುಳಿಗೆ ಆಗದ ಸೀಲಿಯಾಕ್ ಕಾಯಿಲೆಗೆ ಪಥ್ಯ ಹಿಡಿದು ಆರು ತಿಂಗಳಾದರೂ ಆ ಹುಡುಗಿಯ ಟಿಟಿಜಿ, ಅಂದರೆ ಈ ಕಾಯಿಲೆಯನ್ನು ತೋರಿಸುವ ರಕ್ತ ಪರೀಕ್ಷೆಯ ಅಂಕಿ, ಇಳಿದಿರಲಿಲ್ಲ. ಒಂಬತ್ತು ವರ್ಷದ ಮಗು. ಗೋಧಿ ಬಿಟ್ಟಿದ್ದಳು, ಬಿಸ್ಕತ್ ಬಿಟ್ಟಿದ್ದಳು, ಹಾಲಿಗೆ ಹಾಕುವ ಮಾಲ್ಟ್ ಪುಡಿಯನ್ನೂ ಬಿಟ್ಟಿದ್ದಳು. ಹೊತ್ತು ಹೊತ್ತಿಗೂ ಜೋಳದ ರೊಟ್ಟಿ. ಅವಳ ಅವ್ವ ಬರೆದಿಟ್ಟ ಊಟದ ಲೆಕ್ಕವನ್ನು ಎರಡು ಸಲ ಓದಿದೆ, ನನಗೆ ಏನೂ ಸಿಗಲಿಲ್ಲ. ಹೊರಗೆ ಬೆಂಚಿನ ಮೇಲೆ ಸರದಿಗಾಗಿ ಕೂತಿದ್ದ ಹುಮನಾಬಾದ್ ಕಡೆಯ ಇನ್ನೊಬ್ಬ ತಾಯಿ ಆಕೆಯನ್ನು ಒಂದೇ ಮಾತು ಕೇಳಿದರು: "ಜ್ವಾಳ ಎಲ್ಲಿ ಬೀಸಸ್ತೀರಿ, ಅಕ್ಕಾ?"

ಓಣಿಯ ಗಿರಣಿಯಲ್ಲಿ. ಮೊದಲು ಯಾರದೋ ಗೋಧಿ, ಅದೇ ಕಲ್ಲಿನಲ್ಲಿ ಆಮೇಲೆ ಇವರ ಜೋಳ. ಸಿಕ್ಕಿತು ನೋಡಿ ಕಾರಣ.

ನಾನು ಕಲಬುರಗಿಯಲ್ಲಿ ಆಹಾರ ತಜ್ಞೆಯಾಗಿ ಕೆಲಸ ಮಾಡುತ್ತೇನೆ. ಆ ಪ್ರಶ್ನೆ ನಾನು ಕೇಳಬೇಕಿತ್ತು, ಕೇಳಿರಲಿಲ್ಲ. ಈಗ ಹೊಸಬರು ಯಾರೇ ಬಂದರೂ ಮೊದಲು ಕೇಳುವುದೇ ಅದನ್ನು.

ಸೀಲಿಯಾಕ್ ಅಂದರೆ ಗೋಧಿ ಅಲರ್ಜಿ ಅಂತ ಎಲ್ಲರೂ ತಿಳಿದಿರುತ್ತಾರೆ. ಅದು ಅಲರ್ಜಿ ಅಲ್ಲ. ಗೋಧಿ, ಬಾರ್ಲಿ, ರೈ (ಸಾಸಿವೆಯಲ್ಲ, ಗೋಧಿಯ ಜಾತಿಯ ಕಾಳು) ಈ ಕಾಳುಗಳಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿ ಸಣ್ಣ ಕರುಳಿನ ಒಳಪದರವನ್ನು ಸವೆಸುತ್ತದೆ. ಮಖಮಲ್ ಬಟ್ಟೆಯ ನವಿರು ಎಳೆಗಳ ಹಾಗಿರುವ ಆ ಪದರ ಬೋಳಾದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಮಗು ಎತ್ತರ ಬೆಳೆಯುವುದಿಲ್ಲ, ಎಷ್ಟು ಐರನ್ ಗುಳಿಗೆ ಕೊಟ್ಟರೂ ರಕ್ತ ಏರುವುದಿಲ್ಲ, ಹೊಟ್ಟೆ ಉಬ್ಬಿ ಕೈಕಾಲು ಸಣ್ಣಗಾಗುತ್ತವೆ. ಇದಕ್ಕೆ ಗುಳಿಗೆ ಇಲ್ಲ. ಜೀವನಪೂರ್ತಿ ಗ್ಲುಟೆನ್ ಬಿಡುವುದೊಂದೇ ದಾರಿ.

"ಒಂದ್ ತುತ್ತು ತಿಂದ್ರ ಏನಾಗ್ತದ" ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೋದರೆ ಕರುಳಿಗೆ ಪೆಟ್ಟು ಬೀಳುತ್ತದೆ ಅಂತ ಪರೀಕ್ಷೆ ಮಾಡಿಯೇ ನೋಡಿದ್ದಾರೆ. 50 ಮಿಲಿಗ್ರಾಂ ಅಂದರೆ ಸುಮಾರು ಅರ್ಧ ಗ್ರಾಂ ಗೋಧಿ ಹಿಟ್ಟು, ಒಂದು ಚಿಟಿಕೆ. ಗಿರಣಿಯ ಕಲ್ಲಿನಲ್ಲಿ ಅದಕ್ಕಿಂತ ಜಾಸ್ತಿಯೇ ಉಳಿದಿರುತ್ತದೆ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಪೊಟ್ಟಣದ ಮೇಲೆ ಗ್ಲುಟೆನ್ ರಹಿತ ಅಂತ ಬರೆಯಬೇಕಾದರೆ ಒಂದು ಕೆಜಿಯಲ್ಲಿ 20 ಮಿಲಿಗ್ರಾಂ ಮೀರಬಾರದು.

ಪಂಜಾಬ್, ಹರಿಯಾಣದಲ್ಲಿ ಈ ಕಾಯಿಲೆಯವರು ನಮ್ಮ ಕಡೆಗಿಂತ ಜಾಸ್ತಿ. ಇಲ್ಲಿ ಕಡಿಮೆ ಇರುವುದರಿಂದಲೇ ಇರುವವರು ಒಂಟಿಯಾಗುತ್ತಾರೆ. ಒಂದು ತಾಲ್ಲೂಕು ಸುತ್ತಿದರೂ ಇಂಥ ಇನ್ನೊಂದು ಮನೆ ಗೊತ್ತಿರುವುದಿಲ್ಲ. ಆಮೇಲೆ ನನ್ನ ಬೆಂಚಿನ ಮೇಲೆ ಪರಿಚಯವಾದ ಮೂವರು ತಾಯಂದಿರು, ಒಬ್ಬರು ಕಲಬುರಗಿ, ಒಬ್ಬರು ಹುಮನಾಬಾದ್, ಒಬ್ಬರು ಶಹಾಪುರ, ಈಗ ದಿನಾ ರಾತ್ರಿ ಪಾತ್ರೆ ತೊಳೆದಾದ ಮೇಲೆ ಫೋನಿನಲ್ಲಿ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಾರೆ, ಬರೆಯಲು ಬೇಜಾರಾದರೆ ದನಿ ಕಳಿಸುತ್ತಾರೆ. ಅವರ ಒಪ್ಪಿಗೆ ತೆಗೆದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಅರ್ಧ ಮಾತು ಊಟದ್ದಲ್ಲವೇ ಅಲ್ಲ. ತೊಗರಿಗೆ ನೆಟೆ ರೋಗ ಬಂತು, ಅತ್ತೆಯ ಮೊಣಕಾಲು ನೋವು, ಮದುವೆಗೆ ಹೋದರೆ ಮಗಳಿಗೆ ಡಬ್ಬಿ ಕಟ್ಟಿಕೊಂಡು ಹೋದದ್ದಕ್ಕೆ ಬೀಗರು ಮುಖ ಸಿಂಡರಿಸಿದರು. "ನಂದೂ ಹಂಗೇ ಆಗ್ಯಾದ, ಅಳಬ್ಯಾಡ್ರಿ ವೈನಿ" ಅಂತ ಅತ್ತ ಕಡೆಯಿಂದ ಬಂದರೆ ಆ ರಾತ್ರಿ ನಿದ್ದೆ ಬರುತ್ತದೆ. ನನ್ನ ಇಪ್ಪತ್ತು ನಿಮಿಷದ ಸಲಹೆಯಿಂದ ಆ ಕೆಲಸ ಆಗುವುದಿಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಗಿರಣಿ ಸಮಸ್ಯೆಗೂ ಅವರೇ ದಾರಿ ಹುಡುಕಿದರು. ಜೋಳವನ್ನು ಹಸನು ಮಾಡಿ, ತೊಳೆದು, ಒಣಗಿಸಿ, ಮನೆಯಲ್ಲೇ ಇಡುವ ಸಣ್ಣ ಗಿರಣಿಯಲ್ಲಿ ಬೀಸುವುದು. ಆ ಗಿರಣಿಗೆ ಗೋಧಿ ಮುಟ್ಟಿಸುವಂತಿಲ್ಲ. ಮುಂದಿನ ಪರೀಕ್ಷೆಯಲ್ಲಿ ಹುಡುಗಿಯ ಟಿಟಿಜಿ ಇಳಿದಿತ್ತು.

ಇಂಗಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಂಗಡಿಯ ಇಂಗಿನ ಪುಡಿ ಬರೀ ಇಂಗಲ್ಲ, ಎಷ್ಟೋ ಡಬ್ಬಿಗಳಲ್ಲಿ ಅದಕ್ಕೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಹಿಂದಿನ ಸಣ್ಣ ಅಕ್ಷರ ಓದಿ ತೆಗೆದುಕೊಳ್ಳಿ.

ಇನ್ನು ಬ್ರೆಡ್ಡು. ರೊಟ್ಟಿ ಇರುವಾಗ ಬ್ರೆಡ್ ಯಾಕೆ ಅಂತ ಕೇಳುವವರಿಗೆ ಮಕ್ಕಳ ಮನಸ್ಸು ಗೊತ್ತಿಲ್ಲ. ಶಾಲೆಯಲ್ಲಿ ಪಕ್ಕದವಳ ಡಬ್ಬಿಯಲ್ಲಿ ಸ್ಯಾಂಡ್‌ವಿಚ್ ಇದ್ದರೆ ತನ್ನ ಡಬ್ಬಿಯಲ್ಲೂ ಇರಲಿ ಅನ್ನಿಸುತ್ತದೆ, ಅಲ್ವಾ? ಶಹಾಪುರದ ತಾಯಿ ಮೊದಲ ಸಲ ಮಾಡಿದ್ದು ಇಟ್ಟಿಗೆಯ ಹಾಗಾಯಿತು. ಎರಡನೆಯದು ಪುಡಿಪುಡಿ. ಮೂರನೆಯ ಸಲಕ್ಕೆ ಹುಮನಾಬಾದಿನವರು, "ರೊಟ್ಟಿಗಿ ಎಸರು ಇಡ್ತೀರಿಲ್ಲ, ಇದಕ್ಕೂ ಇಟ್ಟು ನೋಡ್ರಿ" ಅಂದರು.

ಈ ಮಾತಿನಲ್ಲಿ ಎಷ್ಟು ತಿಳಿವಳಿಕೆ ಇದೆ ನೋಡಿ. ಗೋಧಿ ಹಿಟ್ಟಿಗೆ ತಣ್ಣೀರು ಸಾಕು, ನಾದಿದರೆ ಗ್ಲುಟೆನ್ ಎಳೆಯಾಗಿ ಹಿಡಿದುಕೊಳ್ಳುತ್ತದೆ, ಈಸ್ಟಿನ ಗಾಳಿ ಆ ಎಳೆಗಳ ನಡುವೆ ಸಿಕ್ಕಿ ಬ್ರೆಡ್ ಉಬ್ಬುತ್ತದೆ. ಜೋಳಕ್ಕೆ ಆ ಎಳೆ ಇಲ್ಲ. ಅದಕ್ಕೇ ನಮ್ಮ ಕಡೆ ಕುದಿಯುವ ಎಸರು ಹಾಕಿ ಹಿಟ್ಟು ಕಲಸುವುದು. ಬಿಸಿಗೆ ಜೋಳದ ಪಿಷ್ಟ ಅಂಟಾಗಿ ಜಿಗಿ ಬರುತ್ತದೆ, ಆ ಜಿಗಿಯ ಬಲದಿಂದಲೇ ರೊಟ್ಟಿ ಅಂಚು ಒಡೆಯದೆ ಅಗಲವಾಗುತ್ತದೆ. ಬ್ರೆಡ್ಡಿಗೂ ಬೇಕಾದದ್ದು ಅದೇ ಜಿಗಿ, ಸ್ವಲ್ಪ ಜಾಸ್ತಿ ಅಷ್ಟೇ. ಜೊತೆಗೆ ಇಸಬಗೋಲಿನ ಹೊಟ್ಟು ಬೇಕು. ನೀರು ಕುಡಿದು ಲೋಳೆಯಾಗಿ ಗ್ಲುಟೆನ್ ಮಾಡುವ ಕೆಲಸವನ್ನು ಸುಮಾರಾಗಿ ಅದು ಮಾಡುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಕಿತ್ತಳೆ ರುಚಿ ಹಾಕಿದ್ದು ಬೇಡ, ಸಾದಾ ಕೇಳಿ.

ಅವರು ಮೂವರು ಸೇರಿ ಸರಿಮಾಡಿಕೊಂಡ ಅಳತೆ ಇದು. ಜೋಳದ ಹಿಟ್ಟು 200 ಗ್ರಾಂ, ಕಾರ್ನ್ ಫ್ಲೋರ್ 100 ಗ್ರಾಂ, ಇಸಬಗೋಲ್ 15 ಗ್ರಾಂ, ಈಸ್ಟ್ 5 ಗ್ರಾಂ, ಉಪ್ಪು ಸಕ್ಕರೆ ಒಂದೊಂದು ಚಮಚ, ಎರಡು ದೊಡ್ಡ ಚಮಚ ಎಣ್ಣೆ, ಇಷ್ಟವಿದ್ದರೆ ಒಂದು ದೊಡ್ಡ ಚಮಚ ಅಗಸಿ ಪುಡಿ. ಜೋಳದ ಹಿಟ್ಟಿನಲ್ಲಿ ಕಾಲು ಭಾಗ ತೆಗೆದು ಅದಕ್ಕೆ 150 ಮಿಲಿ ಕುದಿಯುವ ನೀರು ಹಾಕಿ ತಿರುವಿ. ಆರಲಿ. ಬಿಸಿಯಲ್ಲೇ ಈಸ್ಟ್ ಹಾಕಿದರೆ ಸತ್ತುಹೋಗುತ್ತದೆ. ಇಸಬಗೋಲನ್ನು 200 ಮಿಲಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಗಟ್ಟಿಯಾದ ಮೇಲೆ ಎಲ್ಲ ಸೇರಿಸಿ ಕಲಸಿ. ಗೋಧಿಯ ಹಾಗೆ ಅರ್ಧ ತಾಸು ನಾದಬೇಕಿಲ್ಲ, ನಾದಿದರೆ ಬಿಗಿಯಾಗಲು ಅಲ್ಲಿ ಎಳೆಯೇ ಇಲ್ಲವಲ್ಲ. ಕೈ ಒದ್ದೆ ಮಾಡಿಕೊಂಡು ಎಣ್ಣೆ ಸವರಿದ ಡಬ್ಬಿಗೆ ತುಂಬಿ. ಒಮ್ಮೆ ಉಬ್ಬಿದರೆ ಸಾಕು, ಎರಡು ಪಟ್ಟು ಆಗಲು ಬಿಡಬೇಡಿ, ಒಂದೂವರೆ ಪಟ್ಟಿಗೇ ಒಲೆಗೆ ಹೋಗಬೇಕು. 200 ಡಿಗ್ರಿಯಲ್ಲಿ ಐವತ್ತು ನಿಮಿಷದಿಂದ ಒಂದು ತಾಸು. ಓವನ್ ಇಲ್ಲದವರು ರಬ್ಬರ್, ಸೀಟಿ ತೆಗೆದ ಕುಕ್ಕರಿನಲ್ಲಿ ಉಪ್ಪು ಹರಡಿ ಮಾಡುತ್ತಾರೆ, ಸಮಯ ಹೆಚ್ಚು ಹಿಡಿಯುತ್ತದೆ, ಮೇಲೆ ಕೆಂಪಗಾಗುವುದಿಲ್ಲ, ರುಚಿಗೇನೂ ಕಡಿಮೆ ಇಲ್ಲ.

ಕೊಯ್ಯಲು ಆತುರ ಬೇಡ. ಎರಡು ತಾಸು ಆರದಿದ್ದರೆ ಒಳಗೆ ಅಂಟಂಟು. ಹಿಟ್ಟು ಹೊಸದಿರಲಿ, ಹಳತಾದರೆ ಜಿಗಿ ಹೋಗಿ ಕಹಿ ಬರುತ್ತದೆ, ಇದು ರೊಟ್ಟಿ ಬಡಿಯುವವರಿಗೆ ಹೇಳಬೇಕಾದದ್ದೇ ಅಲ್ಲ. ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಹಿಟ್ಟು ಇಪ್ಪತ್ತು ನಿಮಿಷಕ್ಕೇ ಉಬ್ಬಿಬಿಡುತ್ತದೆ, ಪುಸ್ತಕದಲ್ಲಿ ಒಂದು ತಾಸು ಬರೆದಿದೆ ಅಂತ ಕಾದರೆ ಮೇಲೇರಿದ್ದು ನಡುವೆ ಕುಸಿದು ಬೀಳುತ್ತದೆ.

ಗೆಳತಿಯರ ಸಲಹೆಗೆ ಒಂದು ಕಡೆ ನಾನು ಅಡ್ಡ ನಿಲ್ಲುತ್ತೇನೆ. ಆ ಮೂವರಲ್ಲೇ ಒಬ್ಬರು ತಮ್ಮ ನಾದಿನಿಗೆ, "ಮಗೀಗಿ ಗೋಧಿ ಬಿಡಿಸಿ ನೋಡ್ರಿ, ಹೊಟ್ಟಿನೋವು ನಿಂತ್ರ ಅದೇ" ಅಂತ ಹೇಳಿದ್ದರು. ಮನಸ್ಸು ಒಳ್ಳೆಯದೇ. ಆದರೆ ಗೋಧಿ ಬಿಟ್ಟ ಮೇಲೆ ರಕ್ತ ಪರೀಕ್ಷೆಯೂ ಎಂಡೋಸ್ಕೋಪಿಯೂ ಸುಳ್ಳು ಸಮಾಧಾನ ಹೇಳಬಹುದು. ಆ ಮಗುವಿಗೆ ಪರೀಕ್ಷೆಗೋಸ್ಕರ ಮತ್ತೆ ಕೆಲವು ವಾರ ಗೋಧಿ ತಿನ್ನಿಸಬೇಕಾಯಿತು, ಅದು ಪಟ್ಟ ಸಂಕಟ ನೋಡಲಾಗುತ್ತಿರಲಿಲ್ಲ. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿಯರೂ ಪರೀಕ್ಷೆ ಮಾಡಿಸಬೇಕು, ಏನೂ ತೊಂದರೆ ಕಾಣದಿದ್ದರೂ. ಅಂಥ ಹತ್ತಿರದವರಲ್ಲಿ ಹತ್ತಕ್ಕೆ ಸುಮಾರು ಒಬ್ಬರಿಗೆ ಇರುತ್ತದೆ.

ಹೋದ ಎಳ್ಳಮಾವಾಸ್ಯೆಗೆ ಮೂರೂ ಮನೆಯವರು ಹುಮನಾಬಾದಿನವರ ಹೊಲದಲ್ಲಿ ಸೇರಿದ್ದರು. ಚರಗ ಚೆಲ್ಲಿ ಊಟಕ್ಕೆ ಕೂತಾಗ ತೆಗೆದ ಫೋಟೋ ನನಗೂ ಬಂತು. ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಭಜ್ಜಿ, ಶೇಂಗಾ ಹಿಂಡಿ. ಹೋಳಿಗೆ ಮಾಡಿರಲಿಲ್ಲ, ಹೂರಣವನ್ನೇ ಉಂಡೆ ಕಟ್ಟಿ ತುಪ್ಪ ಹಾಕಿದ್ದರು. ಆ ಹುಡುಗಿ ಅವತ್ತು ಡಬ್ಬಿ ತಂದಿರಲಿಲ್ಲ. ಎಲ್ಲರ ಜೊತೆ ಅದೇ ಪಾತ್ರೆಯಿಂದ ಬಡಿಸಿಕೊಂಡು ಉಂಡಳು.