'ಜನಗಣತಿ ಎಷ್ಟು?' ಅಂದ್ರ ಏನ್ ಹೇಳೂದು?

ಅಣ್ಣನ ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಹುಬ್ಬಳ್ಳಿ ಪ್ಯಾಟಿಯಿಂದ ಒಂದು ಚಾರ್ಟ್ ತಂದಿದ್ದಾಳೆ. ಆನೆ, ನೀಲಕಂಠ, ಕಮಲ, ಶ್ರೀಗಂಧದ ಮರ, ಎಲ್ಲ ಚಂದ ಅದಾವೆ. ನಡುವೆ ದಪ್ಪ ಕೆಂಪಕ್ಷರದಲ್ಲಿ: 'ಕರ್ನಾಟಕದ ಜನಗಣತಿ 6,10,95,297'.

ಅಂಕಿ ಸರಿ, ಪದ ತಪ್ಪು. ಹೋದ ವಾರ ಮಕ್ಕಳ ಕ್ವಿಜ್ ಒಂದರಲ್ಲೂ 'ಜನಗಣತಿ ಎಷ್ಟು?' ಅಂತಲೇ ಕೇಳಿದ್ದರು. ಇನ್ನು ಸುಮ್ಮನಿರಲಾಗದು.

ಜನಗಣತಿ ಅಂದರೆ ಎಣಿಸುವ ಕೆಲಸ. ಎಣಿಸಿದ ಮೇಲೆ ಕೈಗೆ ಸಿಗುವುದು ಜನಸಂಖ್ಯೆ. 'ನಮ್ಮ ಅಭ್ಯರ್ಥಿಗೆ ಎಂಬತ್ತು ಸಾವಿರ ಮತ ಎಣಿಕೆ ಬಿತ್ತು' ಅಂತ ಯಾರಾದರೂ ಅಂತಾರೇನು? ಜನಗಣತಿ ಎಷ್ಟು ಅಂತ ಕೇಳಿದರೆ ಸರಿಯುತ್ತರ 15. 1872ರಿಂದ 2011ರವರೆಗೆ ದೇಶದಲ್ಲಿ ನಡೆದದ್ದು ಅಷ್ಟು. ಕ್ವಿಜ್‌ನಲ್ಲಿ ಹಾಗೆ ಹೇಳಿದ್ದರೆ ಅಂಕ ಕೊಡುತ್ತಿದ್ದರೋ ಇಲ್ಲವೋ.

ನಮ್ಮ ಕಡೆಯ ಹಿರಿಯರಿಗೆ ಈ ತೊಡಕು ಇರಲಿಲ್ಲ. ಅವರು ಅನ್ನುತ್ತಿದ್ದದ್ದು ಖಾನೇಸುಮಾರಿ. ಧಾರವಾಡ ಜಿಲ್ಲೆ ಮುಂಬೈ ಇಲಾಖೆಯಲ್ಲಿದ್ದ ಕಾಲದ ಮಾತು. ಪದ ಫಾರ್ಸಿಯದು, ಮರಾಠಿಯಲ್ಲೂ ಇದೆ. ಖಾನೆ ಅಂದರೆ ಮನೆ: ದವಾಖಾನಿ, ಕಾರಖಾನಿಯಲ್ಲಿರುವ ಅದೇ ಖಾನೆ. ಶುಮಾರಿ ಅಂದರೆ ಎಣಿಕೆ. ಒಟ್ಟು, ಮನೆ ಎಣಿಕೆ. ಹಳೆಯ ಪದವೆಂದು ನಗಬೇಡಿ. ಇವತ್ತಿಗೂ ಗಣತಿ ಶುರುವಾಗುವುದು ಮನೆಪಟ್ಟಿಯಿಂದಲೇ. ಬಾಗಿಲ ಮೇಲೊಂದು ನಂಬರು ಬರೆದು, ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಕುಡಿಯುವ ನೀರು ಎಲ್ಲಿಂದ ಅಂತ ಕೇಳಿ ಹೋಗುತ್ತಾರೆ. ತಲೆ ಎಣಿಸುವುದು ಎರಡನೇ ಸುತ್ತಿನಲ್ಲಿ.

ಆ 'ಶುಮಾರ್' ಇದೆಯಲ್ಲ, ನಮ್ಮ 'ಸುಮಾರು' ಬಂದದ್ದು ಅದರಿಂದಲೇ. ಎಣಿಕೆ ಎಂಬ ಪದ ಕನ್ನಡಕ್ಕೆ ಬಂದು 'ಹೆಚ್ಚುಕಡಿಮೆ' ಆಯಿತು. ಇನ್ನಷ್ಟು ಇಳಿದು 'ಲಗ್ನದಾಗ ಅಡಿಗಿ ಸುಮಾರ ಇತ್ತು' ಅನ್ನುವಲ್ಲಿಗೆ ಮುಟ್ಟಿತು. ಗಣತಿಯ ನೆಂಟರು ಮಾತ್ರ ಮೇಲೇ ಉಳಿದರು. ಗಣಿತ ಅದೇ ಬೇರಿನದು. ಗಣ್ಯ ಅಂದರೆ ಎಣಿಕೆಗೆ ಬರುವವನು, ನಗಣ್ಯ ಅಂದರೆ ಬಾರದವನು. ತಮಾಷೆಯೆಂದರೆ ಜನಗಣತಿಗೆ ಇಬ್ಬರೂ ಒಂದೊಂದು ತಲೆಯೇ. 2011ರಲ್ಲಿ ಮನೆಯಿಲ್ಲದೆ ಪ್ಲಾಟ್‌ಫಾರ್ಮು, ಅಂಗಡಿಕಟ್ಟೆಗಳ ಮೇಲೆ ಮಲಗಿದವರನ್ನು ಫೆಬ್ರುವರಿ 28ರ ರಾತ್ರಿ ಹುಡುಕಿ ಹೋಗಿ ಎಣಿಸಿದರು. ಚಾರ್ಟಿನ ಅಂಕಿ ಮಾರ್ಚ್ 1 ಹುಟ್ಟುವ ಆ ಗಳಿಗೆಯದು. 2021ರ ಗಣತಿ ಮುಂದಕ್ಕೆ ಹೋಯಿತು. ಹಾಗಾಗಿ ಅಂಕಿಯ ಪಕ್ಕ ಇಸವಿ ಹಾಕದೆ 'ಈಗಿನ' ಅಂತ ಬರೆದರೆ ಅದೂ ತಪ್ಪೇ.

ಮಕ್ಕಳಿಗೆ ಮೋಜಿನ ಸಂಗತಿ ಬೇಕೆಂದರೆ ಇದನ್ನು ಕೊಡಿ. 1997ರಲ್ಲಿ ಗದಗ, ಹಾವೇರಿ ಧಾರವಾಡದಿಂದ ಬೇರೆ ಸಂಸಾರ ಹೂಡಿದವು. 2011ರಲ್ಲಿ ಧಾರವಾಡ ಜಿಲ್ಲೆಯಲ್ಲಿ 18,47,023, ಹಾವೇರಿಯಲ್ಲಿ 15,97,668, ಗದಗಿನಲ್ಲಿ 10,64,570 ಜನ. ಮೂರನ್ನೂ ಮತ್ತೆ ಒಂದೇ ಮನೆಗೆ ತಂದರೂ 45 ಲಕ್ಷದ ಮೇಲೆ ಚೂರು. ಪಕ್ಕದ ಬೆಳಗಾವಿ ಒಂದೇ 47 ಲಕ್ಷ ದಾಟಿ ಕೂತಿದೆ. ಕೂಡಿಸುವ ಲೆಕ್ಕವೂ ಆಯಿತು, ಊರೂ ಗೊತ್ತಾಯಿತು.

ಚಾರ್ಟಿನ 'ಗಣತಿ' ಮೇಲೆ ಬಿಳಿ ಚೀಟಿ ಅಂಟಿಸಿ 'ಸಂಖ್ಯೆ (2011)' ಅಂತ ಬರೆದುಕೊಟ್ಟೆ. ಹುಡುಗಿ ಗೋಂದಿನ ಬಾಟಲಿ ಮುಚ್ಚಲು ಬಿಡಲಿಲ್ಲ.

"ಕಾಕಾ, ತಡಿ. ಕೆಳಗ ನೋಡು, ಸಾವಿರ ಗಂಡಸರಿಗೆ ಎಷ್ಟು ಹೆಂಗಸರು ಅನ್ನೂ ಲಿಂಗಾನುಪಾತ, ಶೇಕಡಾ 973 ಅಂತ ಹಾಕ್ಯಾರ."