ಸವೆಯಲೆಂದೇ ಕೂರಿಸಿದ ಭಾಗಗಳು

ಹೋದ ಏಪ್ರಿಲ್‌ನಲ್ಲಿ ತುಮಕೂರಿನ ಅಮ್ಮನ ಮನೆಗೆ ಹೋಗಿದ್ದೆ. ನಡುಮನೆಯ ಫ್ಯಾನ್ ಐದರಲ್ಲಿಟ್ಟರೂ ಎರಡರಲ್ಲಿಟ್ಟ ಹಾಗೆ ತಿರುಗುತ್ತಿತ್ತು. ಕೂತಲ್ಲಿಂದಲೇ ರೆಕ್ಕೆಗಳನ್ನು ಎಣಿಸಬಹುದಿತ್ತು. "ಇಪ್ಪತ್ತು ವರ್ಷ ಆಯ್ತಲ್ಲ, ಅದಕ್ಕೂ ವಯಸ್ಸಾಯ್ತು. ಹೊಸದು ತಂದ್ಬಿಡು" ಎಂದಳು ಅಮ್ಮ. ನಾನೂ ಹೊರಟಿದ್ದೆ. ಬೀದಿಯ ತುದಿಯಲ್ಲಿ ಪರಿಚಯದ ಎಲೆಕ್ಟ್ರಿಷಿಯನ್ ಸಿಕ್ಕಿದರು. "ತಿರುಗುವಾಗ ಗರಗರ ಅನ್ನತ್ತಾ?" ಎಂದು ಕೇಳಿದರು. ಇಲ್ಲ ಎಂದೆ. "ಸುಟ್ಟ ವಾಸನೆ?" ಅದೂ ಇಲ್ಲ. "ಹಂಗಾದ್ರೆ ಕಂಡೆನ್ಸರ್ ಹೋಗಿದೆ ಅಷ್ಟೆ. ಐವತ್ತು ರೂಪಾಯಿದು."

ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಮೇಲಿನಿಂದ ಬಿಚ್ಚಿದ ಹಳೆಯ ಕಂಡೆನ್ಸರನ್ನು ಜೇಬಿಗೆ ಹಾಕಿಕೊಂಡು ಬಂದು ಮನೆಯಲ್ಲಿ ಮಲ್ಟಿಮೀಟರ್ ಹಿಡಿದು ನೋಡಿದೆ. ಮೈಮೇಲೆ 2.5 ಮೈಕ್ರೋಫ್ಯಾರಡ್ (ಕಂಡೆನ್ಸರ್ ಎಷ್ಟು ಹಿಡಿದಿಡಬಲ್ಲದು ಎಂಬುದರ ಅಳತೆ) ಎಂದು ಅಚ್ಚಾಗಿತ್ತು. ಮೀಟರ್ ತೋರಿಸಿದ್ದು 1.5. ಫ್ಯಾನಿನ ತಾಮ್ರದ ಸುರುಳಿ, ಬೇರಿಂಗ್, ರೆಕ್ಕೆ ಎಲ್ಲವೂ ಗಟ್ಟಿಯಾಗಿದ್ದವು. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಡಬ್ಬಿ ಮಾತ್ರ ಸೊರಗಿತ್ತು. ಅದಕ್ಕೋಸ್ಕರ ನಾವು ಇಡೀ ಫ್ಯಾನನ್ನು ಗುಜರಿಗೆ ಹಾಕುವುದರಲ್ಲಿದ್ದೆವು.

ಆ ಡಬ್ಬಿ ಏನು ಮಾಡುತ್ತದೆ ಎಂದು ತಿಳಿಯಲು ಬೀಸುವ ಕಲ್ಲನ್ನು ನೆನೆಸಿಕೊಳ್ಳಿ. ಅದರ ಗೂಟ ಹಿಡಿದು ಬರೀ ಮುಂದಕ್ಕೆ ಹಿಂದಕ್ಕೆ ಎಳೆದಾಡಿದರೆ ಕಲ್ಲು ಸುತ್ತುವುದಿಲ್ಲ, ಇದ್ದಲ್ಲೇ ಅಲುಗುತ್ತದೆ. ಸುತ್ತಬೇಕಾದರೆ ಪಕ್ಕಕ್ಕೂ ಒಂದು ತಳ್ಳು ಬೇಕು. ಅದೂ ಸರಿಯಾದ ಹೊತ್ತಿಗೆ ಬೇಕು, ಮುಂದಕ್ಕೆ ತಳ್ಳಿದ ಮೇಲೆ ಕಾಲು ಸುತ್ತಿನಷ್ಟು ತಡವಾಗಿ. ಬೀಸುವವರ ಕೈ ಇದನ್ನು ಯೋಚಿಸದೆ ಮಾಡುತ್ತದೆ. ಮನೆಗೆ ಬರುವ ಕರೆಂಟಿಗೆ ಆ ಕೈ ಇಲ್ಲ. ಅದು ಸೆಕೆಂಡಿಗೆ 50 ಸಲ ಮುಂದೆ ಹಿಂದೆ ಹೋಗಿಬರುತ್ತದೆ, ಅಷ್ಟೇ. ಒಂದೇ ಸುರುಳಿಗೆ ಅದನ್ನು ಕೊಟ್ಟರೆ ಅಲ್ಲಿ ಹುಟ್ಟುವ ಕಾಂತಬಲವೂ ಉಬ್ಬುತ್ತದೆ, ಇಳಿಯುತ್ತದೆ, ತಿರುಗುಮುರುಗಾಗುತ್ತದೆ, ಆದರೆ ಸುತ್ತುವುದಿಲ್ಲ.

ಆದ್ದರಿಂದ ಸೀಲಿಂಗ್ ಫ್ಯಾನಿನಲ್ಲಿ ಎರಡು ಸುರುಳಿಗಳಿರುತ್ತವೆ. ಒಂದಕ್ಕೆ ಕರೆಂಟು ನೇರವಾಗಿ ಹೋಗುತ್ತದೆ. ಇನ್ನೊಂದಕ್ಕೆ ಈ ಡಬ್ಬಿಯ ಮೂಲಕ ಹೋಗುತ್ತದೆ. ಡಬ್ಬಿಯನ್ನು ಹಾದುಹೋಗುವ ಕರೆಂಟು ಇನ್ನೊಂದಕ್ಕಿಂತ ಸುಮಾರು ಕಾಲು ಸುತ್ತು ಮುಂದಿರುತ್ತದೆ. ಕರೆಂಟು ಒಂದು ಸಲ ಹೋಗಿಬರುವ ಇಡೀ ಸುತ್ತಿಗೆ 20 ಮಿಲಿಸೆಕೆಂಡ್, ಅದರ ಕಾಲುಭಾಗ ಅಂದರೆ 5 ಮಿಲಿಸೆಕೆಂಡ್. ಈ 5 ಮಿಲಿಸೆಕೆಂಡಿನ ಅಂತರವೇ ಬೀಸುವ ಕಲ್ಲಿನ ಪಕ್ಕದ ತಳ್ಳು. ಎರಡು ಸುರುಳಿಗಳ ಕಾಂತಬಲ ಸೇರಿ ಸುತ್ತಲು ಶುರುವಾಗುತ್ತದೆ, ಅದರ ಬೆನ್ನುಹತ್ತಿ ಫ್ಯಾನಿನ ಹೊರಕವಚ ಸುತ್ತುತ್ತದೆ. (ಸೀಲಿಂಗ್ ಫ್ಯಾನಿನಲ್ಲಿ ಸುರುಳಿ ನಡುವೆ ಅಲುಗದೆ ಕೂತಿರುತ್ತದೆ, ಹೊರಗಿನ ಬಟ್ಟಲು ತಿರುಗುತ್ತದೆ. ಬೇರೆ ಹೆಚ್ಚಿನ ಮೋಟಾರುಗಳಲ್ಲಿ ಇದು ತಲೆಕೆಳಗು.) ಸುತ್ತುವ ಕಾಂತಬಲವನ್ನು ಇಟಲಿಯ ಟ್ಯೂರಿನ್‌ನಲ್ಲಿ ಗೆಲಿಲಿಯೊ ಫೆರಾರಿಸ್ 1885ರಲ್ಲಿ ಮಾಡಿ ತೋರಿಸಿದ. 1888ರಲ್ಲಿ ಆತ ಅದನ್ನು ಪ್ರಕಟಿಸಿದ ವರ್ಷವೇ ಅಮೆರಿಕದಲ್ಲಿ ನಿಕೋಲಾ ಟೆಸ್ಲಾಗೆ ಇದೇ ಬಗೆಯ ಮೋಟಾರಿನ ಪೇಟೆಂಟ್‌ಗಳು ಸಿಕ್ಕವು. ನಮ್ಮ ಮೇಲ್ಛಾವಣಿಯಲ್ಲಿ ಇವತ್ತೂ ಸುತ್ತುತ್ತಿರುವುದು ಅದೇ ಉಪಾಯ.

ಕಂಡೆನ್ಸರ್ ಪೂರ್ತಿ ಹೋದರೆ ಫ್ಯಾನ್ "ಹುಂ" ಎನ್ನುತ್ತದೆ, ಹೊರಡುವುದಿಲ್ಲ. ಆಗ ಒಣ ಕೋಲಿನಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳಿದರೆ ತಳ್ಳಿದ ದಿಕ್ಕಿಗೆ ಸುತ್ತಲು ಶುರುಮಾಡುತ್ತದೆ. ಎಡಕ್ಕೆ ತಳ್ಳಿದರೆ ಎಡಕ್ಕೆ, ಬಲಕ್ಕೆ ತಳ್ಳಿದರೆ ಬಲಕ್ಕೆ! ಮುಂದೆ ಹಿಂದೆ ಅಲುಗುವ ಬಲಕ್ಕೆ ತನ್ನದೇ ದಿಕ್ಕು ಇಲ್ಲವಲ್ಲ, ನಾವು ಕೊಟ್ಟ ದಿಕ್ಕನ್ನೇ ಅದು ಹಿಡಿಯುತ್ತದೆ. ರೋಗ ಯಾವುದೆಂದು ಫ್ಯಾನ್ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರದು.

ಇನ್ನು ಆ ಡಬ್ಬಿಯ ಒಳಗಿನ ಕಥೆ. ನನಗೆ ಇಡೀ ಫ್ಯಾನಿಗಿಂತ ಇದೇ ಜಾಸ್ತಿ ಇಷ್ಟ. ಒಳಗಿರುವುದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ತೆಳು ಹಾಳೆ. ದಪ್ಪ ನಮ್ಮ ಕೂದಲಿನ ಹತ್ತನೇ ಒಂದು ಭಾಗದ ಆಸುಪಾಸು. ಅದರ ಮೇಲೆ ಸತು ಅಥವಾ ಅಲ್ಯೂಮಿನಿಯಂನ ಲೇಪ, ಹಾಳೆಗಿಂತ ನೂರಾರು ಪಟ್ಟು ತೆಳು. ಇಂಥ ಎರಡು ಹಾಳೆಗಳನ್ನು ಚಾಪೆಯಂತೆ ಒತ್ತಾಗಿ ಸುತ್ತಿರುತ್ತಾರೆ. ಒಂದರ ಲೇಪಕ್ಕೂ ಇನ್ನೊಂದರ ಲೇಪಕ್ಕೂ ನಡುವೆ ಪ್ಲಾಸ್ಟಿಕ್ ಮಾತ್ರ. ನಾನು ಲೆಕ್ಕ ಹಾಕಿ ನೋಡಿದೆ: 2.5 ಮೈಕ್ರೋಫ್ಯಾರಡ್ ಬರಬೇಕಾದರೆ ಎದುರುಬದುರಾಗುವ ಲೇಪ ಹೆಚ್ಚುಕಡಿಮೆ ಒಂದು ಸ್ನಾನದ ಟವೆಲಿನಷ್ಟು ಅಗಲ ಬೇಕು. ಅಷ್ಟನ್ನೂ ಸುತ್ತಿ ಬೆಂಕಿಪೊಟ್ಟಣದಲ್ಲಿ ಇಟ್ಟ ಹಾಗೆ.

ಅಷ್ಟು ದೊಡ್ಡ ತೆಳು ಹಾಳೆಯಲ್ಲಿ ಎಲ್ಲೋ ಒಂದು ಕಡೆ ಬಲಹೀನ ಜಾಗ ಇದ್ದೇ ಇರುತ್ತದೆ. ಗುಡುಗು ಸಿಡಿಲಿನ ಸಂಜೆ ಲೈನಿನಲ್ಲಿ ವೋಲ್ಟೇಜ್ ಜಿಗಿದಾಗ ಅಲ್ಲಿ ಪ್ಲಾಸ್ಟಿಕ್ ತೂತಾಗಿ ಕಿಡಿ ಹಾರುತ್ತದೆ. ಬೇರೆ ಬಗೆಯ ಕಂಡೆನ್ಸರ್ ಆಗಿದ್ದರೆ ಅಲ್ಲಿಗೆ ಅದರ ಆಯುಸ್ಸು ಮುಗಿಯುತ್ತಿತ್ತು. ಇದರಲ್ಲಿ ಹಾಗಾಗುವುದಿಲ್ಲ. ಲೇಪ ಎಷ್ಟು ತೆಳುವೆಂದರೆ ಕಿಡಿಯ ಬಿಸಿಗೆ ತೂತಿನ ಸುತ್ತಲಿನ ಲೋಹ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಆವಿಯಾಗಿ ಹೋಗುತ್ತದೆ. ಲೋಹವೇ ಇಲ್ಲದ ಮೇಲೆ ಅಲ್ಲಿ ಕರೆಂಟು ಹಾಯುವುದಾದರೂ ಹೇಗೆ? ಗಾಯ ತಾನಾಗಿ ಮುಚ್ಚಿಕೊಂಡಿತು. ಫ್ಯಾನ್ ನಿಲ್ಲಲಿಲ್ಲ, ಮನೆಯವರಿಗೆ ಗೊತ್ತೂ ಆಗಲಿಲ್ಲ. ಆದರೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಚೂರು ಲೇಪ ಕಡಿಮೆಯಾಯಿತು. ಹೀಗೆ ವರ್ಷಗಟ್ಟಲೆ, ಗಾಯದ ಮೇಲೆ ಗಾಯ ಮುಚ್ಚಿಕೊಳ್ಳುತ್ತಾ ಟವೆಲ್ ಸವೆಯುತ್ತದೆ. ಮೇಲ್ಛಾವಣಿಯ ಬಿಸಿ ಇದಕ್ಕೆ ಇನ್ನಷ್ಟು ವೇಗ ಕೊಡುತ್ತದೆ. ಅಮ್ಮನ ಮನೆಯ ಫ್ಯಾನ್ ಒಂದೇ ದಿನ ಕೆಟ್ಟು ನಿಲ್ಲದೆ ನಿಧಾನವಾಗುತ್ತಾ ಬಂದಿದ್ದು ಇದೇ ಕಾರಣಕ್ಕೆ. ಅದಕ್ಕೇ ನಾವು ಅದನ್ನು ವಯಸ್ಸು ಎಂದುಕೊಂಡೆವು.

ಕೈಯಾರೆ ಬದಲಾಯಿಸುವವರಿಗೆ ಎರಡು ಮಾತು. ಸ್ವಿಚ್ ಆರಿಸಿದರೆ ಸಾಲದು, ಆ ಲೈನಿನ ಕರೆಂಟನ್ನೇ ಕಡಿಯುವ ಎಂಸಿಬಿಯನ್ನು ಇಳಿಸಿ, ಟೆಸ್ಟರ್ ಹಿಡಿದು ನೋಡಿ. ಹಳೆ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ (ಕರೆಂಟು ಹಿಂದಿರುಗುವ ತಂತಿಗೆ) ಕೊಟ್ಟಿದ್ದರೆ ಸ್ವಿಚ್ ಆರಿಸಿದರೂ ಫ್ಯಾನಿನಲ್ಲಿ ಕರೆಂಟು ಉಳಿದಿರುತ್ತದೆ. ಡಬ್ಬಿಯಲ್ಲೂ ಚೂರು ಕರೆಂಟು ಕೂತಿರಬಹುದು, ಮರದ ಅಥವಾ ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಿಂದ ಅದರ ಎರಡು ತುದಿಗಳನ್ನು ಮುಟ್ಟಿಸಿ ಇಳಿಸಿಕೊಳ್ಳಿ. ಮತ್ತೆ ಎರಡೂವರೆ ಇದ್ದ ಜಾಗಕ್ಕೆ ಎರಡೂವರೆಯದೇ ಹಾಕಿ. ದೊಡ್ಡದು ಹಾಕಿದರೆ ಫ್ಯಾನ್ ಜೋರಾಗಿ ಓಡುತ್ತದೆ ಎಂದು ಕೆಲವರು ನಾಲ್ಕರದು ಕೊಡುತ್ತಾರೆ. ಸುರುಳಿಗೆ ಹೆಚ್ಚು ಕರೆಂಟು ಹೋಗಿ ಅದೇ ಬಿಸಿಯೇರುತ್ತದೆ. ಐವತ್ತು ರೂಪಾಯಿಯ ಭಾಗ ಮಾಡಬೇಕಾದ ತ್ಯಾಗವನ್ನು ಆಗ ತಾಮ್ರ ಮಾಡುತ್ತದೆ.

ದೊಡ್ಡದು ಉಳಿಯಲಿ ಎಂದು ಚಿಕ್ಕದೊಂದನ್ನು ಸವೆಯಲು ಬಿಡುವುದು ನಮಗೆ ಹೊಸದಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದದ್ದು ಇದಕ್ಕೇ. ಹುಳಿ ತಾಗಿದರೆ ಹಿತ್ತಾಳೆ ಕಿಲುಬು ಹಿಡಿಯುತ್ತದೆ ಎಂದು ಒಳಗೆ ತವರದ ತೆಳು ಪದರ. ತವರ 232 ಡಿಗ್ರಿಯಲ್ಲೇ ಕರಗುತ್ತದೆ, ಬೀದಿಯಲ್ಲಿ ಹೂಡಿದ ಸಣ್ಣ ಒಲೆ ಸಾಕು. ನವಸಾಗರ ಉದುರಿಸಿ ಅರಳೆಯಿಂದ ಒರೆಸಿದರೆ ಪಾತ್ರೆಯ ಒಳಗೆ ಬೆಳ್ಳಿಯ ಬೆಳಕು. ಕಲಾಯಿ ಹೋಯಿತೆಂದು ಯಾರೂ ಪಾತ್ರೆ ಎಸೆಯುತ್ತಿರಲಿಲ್ಲ. ಸವೆಯುವುದು ಪದರ, ಪಾತ್ರೆಯಲ್ಲ ಎಂಬ ತಿಳಿವಳಿಕೆ ಮನೆಯ ಎಲ್ಲರಿಗೂ ಇತ್ತು. ಮಿಕ್ಸಿ, ಗೀಸರ್ ವಿಷಯದಲ್ಲಿ ಆ ತಿಳಿವಳಿಕೆ ನಮಗೆ ಬರಲೇ ಇಲ್ಲ. ನನಗೆ ಬೇಸರ ತರಿಸುವುದು ಇದೇ.

ಮಿಕ್ಸಿಯನ್ನೇ ನೋಡಿ. ಅದು ಹುಟ್ಟಿದ್ದೇ ರಿಪೇರಿಯಾಗದ ಒಂದು ಯಂತ್ರದಿಂದ. 1963ರಲ್ಲಿ ಬೊಂಬಾಯಿಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಹೆಂಡತಿಯ ಜರ್ಮನ್ ಮಿಕ್ಸರ್ ನಮ್ಮ ಅಡುಗೆಯ ರುಬ್ಬುವ ಕೆಲಸ ತಡೆಯದೆ ಸುಟ್ಟುಹೋಯಿತು. ಅದನ್ನು ಇಲ್ಲಿ ಸರಿಮಾಡಿಸುವ ದಾರಿ ಇರಲಿಲ್ಲ. ಅವರು ನಮ್ಮ ಮಸಾಲೆ, ಹಿಟ್ಟಿಗೆ ತಕ್ಕ ಮೋಟಾರನ್ನೇ ಹೊಸದಾಗಿ ಮಾಡಹೊರಟರು. ಅದೇ ಸುಮೀತ್ ಮಿಕ್ಸಿ.

ಇವತ್ತಿನ ಮಿಕ್ಸಿಯಲ್ಲಿ ಜಾರಿಗೂ ಮೋಟಾರಿಗೂ ನಡುವೆ ಕಪ್ಲರ್ ಎಂಬ ಹಲ್ಲಿನ ಬಿಲ್ಲೆ ಇರುತ್ತದೆ. ರಬ್ಬರಿನದೋ ಪ್ಲಾಸ್ಟಿಕ್ಕಿನದೋ. ಗಟ್ಟಿ ಅರಿಸಿನದ ಕೊಂಬು ಬ್ಲೇಡಿಗೆ ಸಿಕ್ಕಿಕೊಂಡಾಗ ಮುರಿಯುವುದು ಆ ಮೆತ್ತನೆಯ ಹಲ್ಲು, ಮೋಟಾರಲ್ಲ. ಮೋಟಾರ್ ಸದ್ದು ಬರುತ್ತಿದೆ, ಜಾರ್ ಮಾತ್ರ ತಿರುಗುತ್ತಿಲ್ಲ ಎಂದರೆ ಮೊದಲು ಅದನ್ನೇ ನೋಡಿ. ಪ್ಲಗ್ ಕಿತ್ತು, ಕೆಳಗಿನ ದಂಡವನ್ನು ಅಲುಗದ ಹಾಗೆ ಹಿಡಿದು, ಮೋಟಾರ್ ಯಾವ ದಿಕ್ಕಿಗೆ ಸುತ್ತುತ್ತದೋ ಅದೇ ದಿಕ್ಕಿಗೆ ಕಪ್ಲರನ್ನು ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಓಡುತ್ತಾ ಓಡುತ್ತಾ ತಾನೇ ಬಿಗಿಯಾಗಲಿ ಎಂದು ಅದರ ತಿರುಪಿನ ಗೀರನ್ನು ಹಾಗೆ ಕೊರೆದಿರುತ್ತಾರೆ. ತಿಳಿಯದೆ ಎದುರು ದಿಕ್ಕಿಗೆ ತಿಣುಕಾಡಿ ಹಲ್ಲೆಲ್ಲ ಕಿತ್ತುಕೊಂಡವರಲ್ಲಿ ನಾನೂ ಒಬ್ಬ. ಮಿಕ್ಸಿ ಸದ್ದೇ ಇಲ್ಲದೆ ನಿಂತಿದ್ದರೆ ಬುಡದ ಕೆಂಪು ಗುಂಡಿ ಒತ್ತಿ ನೋಡಿ, ಅದು ಭಾರ ತಾಳದೆ ತಾನೇ ಹಾರಿದ ಸ್ವಿಚ್. ಒಳಗೆ ಹೆಚ್ಚು ಕಿಡಿ ಕಾಣುತ್ತಿದ್ದರೆ, ಸುತ್ತುವ ತಾಮ್ರಕ್ಕೆ ಒತ್ತಿಕೊಂಡು ಕರೆಂಟು ಕೊಡುವ ಕಾರ್ಬನ್ ತುಂಡು ಸವೆದಿರಬಹುದು. ತಾಮ್ರಕ್ಕಿಂತ ಮೆತ್ತಗಿರುವ ಈ ತುಂಡು ಸವೆದು ಸವೆದು ತಾಮ್ರವನ್ನು ಕಾಯುತ್ತದೆ.

ಗೀಸರಿನೊಳಗೆ ಇಂಥದೇ ಒಂದು ಭಾಗ ಇದೆ, ಅದರ ಹೆಸರೂ ಹೆಚ್ಚಿನವರಿಗೆ ಗೊತ್ತಿಲ್ಲ. ನೀರು ತುಂಬಿಡುವ ಗೀಸರಿನ ಉಕ್ಕಿನ ಟ್ಯಾಂಕಿಯಲ್ಲಿ ಬೆರಳುದಪ್ಪದ ಮೆಗ್ನೀಸಿಯಂ ಸರಳೊಂದನ್ನು ಇಳಿಬಿಟ್ಟಿರುತ್ತಾರೆ. ಆನೋಡ್ ಎನ್ನುತ್ತಾರೆ. ನೀರು ಯಾವುದಾದರೂ ಒಂದು ಲೋಹವನ್ನು ತಿನ್ನಲೇಬೇಕು. ಮೆಗ್ನೀಸಿಯಂ ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವುದರಿಂದ ಅದು ಮೊದಲು ಕರಗುತ್ತದೆ, ಅದು ಇರುವ ತನಕ ಉಕ್ಕು ತುಕ್ಕಿನಿಂದ ದೂರ ಇರುತ್ತದೆ. ಈ ಉಪಾಯ ಹಂಫ್ರಿ ಡೇವಿಯದು. 1824ರಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ಅಡಿಗೆ ಹೊಡೆದ ತಾಮ್ರದ ತಗಡು ಉಪ್ಪುನೀರಿಗೆ ಕರಗದಂತೆ ಆತ ಅಲ್ಲಲ್ಲಿ ಸತು, ಕಬ್ಬಿಣದ ತುಂಡು ಕೂರಿಸಿದ. ತಾಮ್ರವೇನೋ ಉಳಿಯಿತು. ಆದರೆ ತಾಮ್ರ ಕರಗಿ ಬಿಡುತ್ತಿದ್ದ ವಿಷವೇ ಚಿಪ್ಪುಜೀವಿಗಳನ್ನು ದೂರ ಇಟ್ಟಿತ್ತಂತೆ. ಕರಗುವುದು ನಿಂತ ಮೇಲೆ ಅವು ಬಂದು ಹಡಗಿನಡಿಗೆ ಅಂಟಿಕೊಂಡವು, ಹಡಗು ನಿಧಾನವಾದವು. ಹಡಗಿಗೆ ಒಗ್ಗದ ಆ ಜಾಣತನ ನಮ್ಮ ಬಚ್ಚಲಿಗೆ ಚೆನ್ನಾಗಿ ಒಗ್ಗಿತು.

ಬೆಂಗಳೂರಿನ ಬೋರ್‌ವೆಲ್ ನೀರಿನಂಥ ಲವಣ ಜಾಸ್ತಿ ಇರುವ ನೀರಲ್ಲಿ ಈ ಸರಳು ಬೇಗ ಮುಗಿಯುತ್ತದೆ. ಮುಗಿದ ಮೇಲೆ ನೀರು ಟ್ಯಾಂಕಿಯನ್ನು ತಿನ್ನಲು ಹಿಡಿಯುತ್ತದೆ, ಟ್ಯಾಂಕಿ ತೂತಾದರೆ ಗೀಸರ್ ನಿಜವಾಗಿಯೂ ಹೋದಂತೆಯೇ. ಇದನ್ನು ನಾನೇ ಬಿಚ್ಚುವುದಿಲ್ಲ, ಗೊತ್ತಿರುವವರನ್ನು ಕರೆಸುತ್ತೇನೆ. ಕರೆಸಿದಾಗ "ಆನೋಡ್ ತೆಗೆದು ತೋರಿಸಿ" ಎಂದು ಕೇಳುತ್ತೇನೆ. ಸರಳು ಹೋಗಿ ನಡುವಿನ ತಂತಿ ಕಾಣುತ್ತಿದ್ದರೆ ಹೊಸದು ಹಾಕಿಸುತ್ತೇನೆ. ಸ್ಕ್ರೂಡ್ರೈವರ್ ಮುಟ್ಟದೆಯೂ ಮಾಡುವ ರಿಪೇರಿ ಇದು.

ಸವೆಯುವ ಭಾಗವನ್ನು ತಪ್ಪಿಸಿ ಮುಂದೆ ಹೋಗುವುದು ಮಾತ್ರ ಬೇಡ. ಹಳೆಯ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತಿದ್ದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ? ಆಮೇಲೆ ಕರಗುವುದು ಗೋಡೆಯೊಳಗಿನ ವೈರು. ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಬಿಸಿ ಮಿತಿ ಮೀರಿದರೆ ಕರೆಂಟು ಕಡಿಯುವ ಥರ್ಮಲ್ ಫ್ಯೂಸ್ ಹೋದಾಗ ಎರಡು ತಂತಿ ಸೇರಿಸಿ ಟೇಪು ಸುತ್ತುವುದೂ ಅಷ್ಟೇ ಅಪಾಯ. ಇನ್ನು ಮೈಕ್ರೋವೇವ್ ಓವನ್ ಒಳಗಿನ ಕಂಡೆನ್ಸರ್ ಸುಮಾರು 2000 ವೋಲ್ಟ್ ಇಟ್ಟುಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ. ಅದನ್ನು ಮನೆಯಲ್ಲಿ ತೆರೆಯಲೇಬೇಡಿ.

ಹಳೆಯದನ್ನೆಲ್ಲ ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹಳೆ ಫ್ಯಾನ್ ಸುಮಾರು 75 ವಾಟ್ ತಿಂದರೆ ಹೊಸ ಬಗೆಯ ಮೋಟಾರಿರುವ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ದಿನಕ್ಕೆ 12 ಗಂಟೆ ಓಡಿದರೆ ವರ್ಷಕ್ಕೆ 200 ಯೂನಿಟ್ ಹತ್ತಿರ ಉಳಿಯುತ್ತದೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 1200 ರೂಪಾಯಿ ಆಯಿತು. ರಾತ್ರಿಯಿಡೀ ಓಡುವ ಮಲಗುವ ಕೋಣೆಯಲ್ಲಿ ಬದಲಾಯಿಸುವುದೇ ಸರಿ. ಆದರೆ ಆ ಫ್ಯಾನಿನಲ್ಲಿ ಇಂಥ ಕಂಡೆನ್ಸರ್ ಇಲ್ಲ, ಒಂದು ಸರ್ಕ್ಯೂಟ್ ಬೋರ್ಡ್ ಇದೆ. ಅದು ಕೆಟ್ಟರೆ ಬೀದಿ ತುದಿಯ ಅಂಗಡಿಯಲ್ಲಿ ಸಿಗುವುದಿಲ್ಲ, ಆ ಕಂಪನಿಯ ಆ ಮಾದರಿಯದೇ ಬೇಕು. ಕೊಳ್ಳುವಾಗ "ಇದರ ಬೋರ್ಡ್ ಬಿಡಿಯಾಗಿ ಸಿಗತ್ತಾ, ಎಷ್ಟಾಗತ್ತೆ?" ಎಂದು ಕೇಳಿ.

ಈ ಪ್ರಶ್ನೆಯನ್ನು ಕೆಲವು ಸರ್ಕಾರಗಳೂ ಕೇಳುತ್ತಿವೆ. ಫ್ರಾನ್ಸಿನಲ್ಲಿ 2021ರಲ್ಲಿ ವಾಷಿಂಗ್ ಮಷಿನ್, ಟಿವಿ, ಮೊಬೈಲ್‌ನಂಥ ಸಾಮಾನಿನ ಮೇಲೆ ಅದು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂದು 10ಕ್ಕೆ ಅಂಕ ಹಾಕಬೇಕೆಂಬ ನಿಯಮ ಬಂತು. ಬಿಡಿಭಾಗದ ಬೆಲೆಗೂ ಅದರಲ್ಲಿ ಅಂಕ ಇತ್ತು. ನಮ್ಮಲ್ಲಿ 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಕಂಪನಿಗಳ ರಿಪೇರಿ ಮಾಹಿತಿ ಒಂದೆಡೆ ಸಿಗಲೆಂದು ಪೋರ್ಟಲ್ ಶುರುವಾಯಿತು. ಅಂಕದ ಪಟ್ಟಿ ನಮ್ಮ ಮಿಕ್ಸಿ, ಫ್ಯಾನ್ ಬರುವ ಪೆಟ್ಟಿಗೆಯ ಮೇಲೂ ಬರಬೇಕು ಎಂಬುದು ನನ್ನ ಆಸೆ. ಕಾನೂನಿಗೆ ಕಾಯದೆ ಕೆಲಸಕ್ಕಿಳಿದವರೂ ಇದ್ದಾರೆ. 2009ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಶುರುವಾದ ರಿಪೇರಿ ಕೆಫೆಯ ಮಾದರಿಯಲ್ಲಿ 2015ರಿಂದ ಬೆಂಗಳೂರಿನಲ್ಲೂ ಜನ ಕೆಟ್ಟ ಸಾಮಾನು ತಂದು, ಬಲ್ಲವರ ಪಕ್ಕ ಕೂತು, ತಾವೇ ಬಿಚ್ಚಿ ಕಲಿಯುತ್ತಿದ್ದಾರೆ.

ಅಮ್ಮನ ಫ್ಯಾನ್ ಈಗ ಐದರಲ್ಲಿಟ್ಟರೆ ಟೇಬಲ್ಲಿನ ಮೇಲಿನ ಪೇಪರ್ ಹಾರುತ್ತದೆ. ಮೂರಕ್ಕಿಂತ ಮೇಲೆ ಇಡಲು ಬಿಡುವುದಿಲ್ಲ ಅವಳು. ಹೊಸ ಕಂಡೆನ್ಸರಿನ ಮೈಮೇಲೆ ಮಾರ್ಕರ್ ಪೆನ್ನಿನಲ್ಲಿ ತಿಂಗಳು, ವರ್ಷ ಬರೆದು ಮೇಲಿನ ಕಪ್ ಮುಚ್ಚಿದ್ದೇನೆ. ಮುಂದೆ ಯಾರು ಏಣಿ ಹತ್ತಿದರೂ ಅದು ಎಷ್ಟು ವರ್ಷ ದುಡಿಯಿತೆಂದು ಅವರಿಗೆ ಗೊತ್ತಾಗುತ್ತದೆ.