ಬೆಟ್ಟಿಂಗ್ ಆ್ಯಪ್‌ನ ಲಿಂಕ್ ಹಾಕಿದ್ದಕ್ಕೂ ಕೇಸ್ ಬೀಳುತ್ತಾ?

ಪ್ರಶ್ನೆ: ನಾನು ಮಂಡ್ಯದವನು ಸರ್. ಇನ್‌ಸ್ಟಾಗ್ರಾಂನಲ್ಲಿ ಕ್ರಿಕೆಟ್ ಪೇಜ್ ಇದೆ. ಬೆಟ್ಟಿಂಗ್ ಆ್ಯಪ್‌ನ ಲಿಂಕ್ ಹಾಕಿದರೆ, ಅದರಿಂದ ಸೇರಿದವರ ಲೆಕ್ಕದಲ್ಲಿ ಕಮಿಷನ್ ಕೊಡ್ತೀವಿ ಅಂತಿದ್ದಾರೆ. ಆಡಿಸೋದು ಅವರು, ನಂದು ಬರೀ ಲಿಂಕ್. ನನ್ನ ಮೇಲೆ ಕೇಸ್ ಆಗುತ್ತಾ?

ಉತ್ತರ: ಆಗಬಹುದು. ‘ಬರೀ ಲಿಂಕ್’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆಯ 6ನೇ ಸೆಕ್ಷನ್ ಇರುವುದೇ ಜಾಹೀರಾತಿನ ಬಗ್ಗೆ. ದುಡ್ಡು ಕಟ್ಟಿ ಆಡುವ ಆಟಕ್ಕೆ ನೇರವಾಗಿಯೋ ಸುತ್ತುಬಳಸಿಯೋ ಜನರನ್ನು ಸೆಳೆಯುವ ಜಾಹೀರಾತು ಮಾಡುವುದು, ಮಾಡಿಸುವುದು, ಅದಕ್ಕೆ ಕೈಜೋಡಿಸುವುದು, ಎಲ್ಲಕ್ಕೂ ನಿಷೇಧ. ಶಿಕ್ಷೆ 2 ವರ್ಷದವರೆಗೆ ಜೈಲು ಅಥವಾ 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ರಮ್ಮಿ ಕೌಶಲದ ಆಟ ತಾನೇ ಎಂಬ ವಾದಕ್ಕೂ ಈ ಕಾಯ್ದೆಯಲ್ಲಿ ಜಾಗವಿಲ್ಲ. ಆಡಿದವನಿಗೆ ಇದರಲ್ಲಿ ಶಿಕ್ಷೆಯಿಲ್ಲ, ಆಡಲು ಕರೆದವನಿಗಿದೆ.

ಇಂಥ ಕಂಪನಿ ಬಹಳ ಸಲ ಕುರಸಾವೊ, ಸೈಪ್ರಸ್‌ನಂಥ ಹೊರದೇಶದಲ್ಲಿ ನೋಂದಣಿಯಾಗಿರುತ್ತದೆ. ಪೊಲೀಸರಿಗೆ ಸುಲಭವಾಗಿ ಸಿಗುವ ಹೆಸರು, ಪ್ಯಾನ್, ಮೊಬೈಲ್ ನಂಬರ್ ನಿಮ್ಮದು. ಮದ್ದೂರಿನ ಹುಡುಗನೊಬ್ಬ ಹಣ ಕಳೆದುಕೊಂಡು ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗೆ ದೂರು ಕೊಟ್ಟ ಅನ್ನಿ. ಅವನು ಒತ್ತಿದ ಲಿಂಕ್‌ನ ಕೊನೆಯಲ್ಲಿ ನಿಮ್ಮ ರೆಫರಲ್ ಕೋಡ್ ಇರುತ್ತದೆ. 24 ಗಂಟೆಯ ಸ್ಟೋರಿ ಮಾಯವಾದರೂ ಸ್ಕ್ರೀನ್‌ಶಾಟ್ ಉಳಿದಿರುತ್ತದೆ. ‘18+, ನಿಮ್ಮ ಜವಾಬ್ದಾರಿ’ ಎಂದು ಬರೆದರೆ ಪಾರಾಗುವುದಿಲ್ಲ.

ಕಮಿಷನ್ನಿನ ಲೆಕ್ಕವನ್ನೂ ನೋಡಿ. ಒಂದು ಬಗೆಯಲ್ಲಿ ತಲೆಗಿಷ್ಟು ಎಂದು ಒಮ್ಮೆ ಕೊಟ್ಟು ಮುಗಿಸುತ್ತಾರೆ. ಇನ್ನೊಂದರಲ್ಲಿ ನೀವು ಸೇರಿಸಿದವನು ಸೋತ ಹಣದಲ್ಲೇ ಪಾಲು. ಅಂದರೆ ನಿಮ್ಮ ಮಾತು ನಂಬಿದವನು ಸೋತಷ್ಟೂ ನಿಮಗೆ ಲಾಭ. ಈ ಎರಡನೆಯದು ಕಾನೂನಿನಲ್ಲಿ ಹೆಚ್ಚು ಅಪಾಯ, ಮನುಷ್ಯರ ಲೆಕ್ಕದಲ್ಲಿ ಅದಕ್ಕಿಂತ ಕೆಟ್ಟದ್ದು. ವಂಚನೆಯ ಆರೋಪ ಸೇರಿದರೆ ಭಾರತೀಯ ನ್ಯಾಯ ಸಂಹಿತೆಯ 318(4), ಅದರ ಬೆನ್ನಿಗೆ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಇ.ಡಿ. ತನಿಖೆಯೂ ಬರಬಹುದು. ಕಂಪನಿ ಕಮಿಷನ್ ಕೊಡದೆ ಕೈಯೆತ್ತಿದರೆ ಕೋರ್ಟಿಗೆ ಹೋಗಿಯೂ ಪ್ರಯೋಜನವಿಲ್ಲ. ಕರಾರು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಕಾನೂನುಬಾಹಿರ ಉದ್ದೇಶದ ಒಪ್ಪಂದ ಅಸಿಂಧು.

ಕೇಸಿಗೂ ಮೊದಲೇ ಏಟು ಬೀಳುವುದು ಬ್ಯಾಂಕ್ ಖಾತೆಗೆ. ಕಮಿಷನ್ ಬಹಳ ಸಲ ಕಂಪನಿ ಹೆಸರಿನಲ್ಲಿ ಬರದೆ, ಗುರುತಿಲ್ಲದವರ ಯುಪಿಐನಿಂದ ಬರುತ್ತದೆ. ಅದು ಯಾರೋ ವಂಚನೆಗೊಳಗಾದವರ ಹಣವಾಗಿದ್ದು, ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಜಾಡು ಹಿಡಿದು ನಿಮ್ಮ ಖಾತೆಯನ್ನೂ ತಡೆಹಿಡಿಯುತ್ತಾರೆ. ಆಗ ಬ್ಯಾಂಕಿಗೆ ಲಿಖಿತವಾಗಿ ಮೂರು ವಿವರ ಕೇಳಿ: ದೂರಿನ ಸಂಖ್ಯೆ, ಯಾವ ಠಾಣೆ, ತಡೆಹಿಡಿದ ಮೊತ್ತ. ವಿವಾದದ ಮೊತ್ತವನ್ನಷ್ಟೇ ತಡೆದು ಉಳಿದದ್ದನ್ನು ಬಿಡಿ ಎಂದು ತನಿಖಾಧಿಕಾರಿಗೆ ಅರ್ಜಿ ಕೊಡಿ.

ಈಗಾಗಲೇ ಲಿಂಕ್ ಹಾಕಿದ್ದರೆ ಇವತ್ತೇ ತೆಗೆಯಿರಿ. ಆದರೆ ಚಾಟ್, ಕರಾರು, ಹಣ ಬಂದ ದಾಖಲೆ ಅಳಿಸಬೇಡಿ; ಸಾಕ್ಷ್ಯನಾಶ ಬೇರೆಯದೇ ಅಪರಾಧ. ಬಂದ ಹಣವನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿ, ಅಕ್ರಮ ಆದಾಯಕ್ಕೂ ತೆರಿಗೆ ಉಂಟು. ವಿಚಾರಣೆಗೆ ಹಾಜರಾಗಿ ಎಂದು ಪೊಲೀಸರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸ್ ಬಂದರೆ ಮೊದಲು ವಕೀಲರಿಗೆ ತೋರಿಸಿ, ಹೇಳಿದ ದಿನ ಠಾಣೆಗೆ ಹೋಗಿ. ತಪ್ಪಿಸಿಕೊಂಡರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತಾಗುತ್ತದೆ.